ಸ್ಲೋ ಕುಕ್ಕರ್‌ನಲ್ಲಿ ಕಾಳು ಬೇಯಿಸುವುದು: ರಾಜ್ಮಾದಿಂದ ಹುರುಳಿ ಕಟ್ಟಿನವರೆಗೆ

ನಮ್ಮ ಹಾಸನದ ಕಡೆ ಹಿಂದೆ ಎತ್ತುಗಳಿಗೆ ಹುರುಳಿ ಬೇಯಿಸುತ್ತಿದ್ದರು. ಹಿತ್ತಲ ಒಲೆಯ ಮೇಲೆ ದೊಡ್ಡ ಪಾತ್ರೆ, ಕೆಳಗೆ ಒಂದೆರಡು ದಪ್ಪ ಕೊರಡು. ಸಂಜೆ ಇಟ್ಟರೆ ರಾತ್ರಿಯೆಲ್ಲ ಸಣ್ಣ ಉರಿಯಲ್ಲೇ ಬೇಯುತ್ತಿತ್ತು. ಬೆಳಗ್ಗೆ ಕಾಳು ಎತ್ತಿಗೆ, ಬಸಿದ ಕಟ್ಟು ಮನೆಯವರಿಗೆ. ಆ ಕಟ್ಟಿನಲ್ಲಿ ನಮ್ಮಜ್ಜಿ ಮಾಡುತ್ತಿದ್ದ ಸಾರು ಪ್ರೆಶರ್ ಕುಕ್ಕರ್‌ನಲ್ಲಿ ನನಗೆ ಯಾವತ್ತೂ ಬರಲಿಲ್ಲ. ಎಷ್ಟು ವಿಷಲ್ ಹಾಕಿಸಿದರೂ ನೀರು ತೆಳ್ಳಗೇ ಇರುತ್ತಿತ್ತು. ಮದುವೆಯಾಗಿ ಅಮೆರಿಕಕ್ಕೆ ಬಂದು ಒಂದು ಸ್ಲೋ ಕುಕ್ಕರ್ ಕೊಂಡೆ. ಆಮೇಲೆ ಬಂತು ಆ ಸಾರು.

ಹನ್ನೆರಡು ವರ್ಷದಿಂದ ವಾರಕ್ಕೊಮ್ಮೆಯಾದರೂ ಇದರಲ್ಲಿ ಕಾಳು ಬೇಯಿಸುತ್ತಿದ್ದೇನೆ. ಕಲಿತದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ ರಾಜ್ಮಾ ಬಗ್ಗೆ ಇರುವ ಭಾಗವನ್ನಾದರೂ ದಯವಿಟ್ಟು ಓದಿ.

ಈ ಪಾತ್ರೆ ಹುಟ್ಟಿದ್ದೇ ಕಾಳಿಗಾಗಿ

ಸ್ಲೋ ಕುಕ್ಕರ್ ಅಂದರೆ ದಪ್ಪ ಪಿಂಗಾಣಿ ಪಾತ್ರೆ, ಅದರ ಸುತ್ತ ಒಂದು ಲೋಹದ ಕವಚ, ಕವಚದೊಳಗೆ ಕರೆಂಟಿನಿಂದ ಬಿಸಿಯಾಗುವ ತಂತಿ. ಮೇಲೊಂದು ಗಾಜಿನ ಮುಚ್ಚಳ. ಇಷ್ಟೇ. ಲೋ, ಹೈ, ವಾರ್ಮ್ ಅಂತ ಮೂರು ಗುಂಡಿ ಇರುತ್ತವೆ. ಲೋ ಅಂದರೆ ಕಡಿಮೆ ಬಿಸಿ, ಹೈ ಅಂದರೆ ಜಾಸ್ತಿ ಬಿಸಿ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಈಗಿನ ಬಹಳಷ್ಟು ಕುಕ್ಕರ್‌ಗಳಲ್ಲಿ ಎರಡೂ ಕೊನೆಗೆ ಕುದಿಯುವ ಹತ್ತಿರದ ಬಿಸಿಗೇ ಹೋಗುತ್ತವೆ. ಹೈನಲ್ಲಿ ಬೇಗ ಮುಟ್ಟುತ್ತದೆ, ಲೋನಲ್ಲಿ ನಿಧಾನ. ವಾರ್ಮ್ ಮಾತ್ರ ಬೆಂದದ್ದನ್ನು ಬಿಸಿಯಾಗಿಡಲು ಇರುವುದು. ಅದರಲ್ಲಿ ಏನನ್ನೂ ಬೇಯಿಸಬೇಡಿ.

ಇದನ್ನು ಕಂಡುಹಿಡಿದವರು ಅರ್ವಿಂಗ್ ನಾಕ್ಸನ್ ಎಂಬ ಅಮೆರಿಕನ್ ಯಹೂದಿ. ಯಹೂದಿಗಳು ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗೆ ಒಲೆ ಹಚ್ಚುವುದಿಲ್ಲ. ಅದಕ್ಕೇ ಕಾಳು, ಮಾಂಸ ಹಾಕಿದ ಚೋಲೆಂಟ್ ಎಂಬ ಅಡುಗೆಯನ್ನು ಶುಕ್ರವಾರವೇ ಒಲೆಗೆ ಸೇರಿಸಿಬಿಡುತ್ತಿದ್ದರು. ಲಿಥುವೇನಿಯಾದ ವಿಲ್ನಿಯಸ್ ಊರಿನಲ್ಲಿ ಚಿಕ್ಕವಳಿದ್ದಾಗ ಆ ಪಾತ್ರೆಯನ್ನು ಬೇಕರಿಗೆ ಹೊತ್ತುಕೊಂಡು ಹೋಗುತ್ತಿದ್ದೆ, ಆರುತ್ತಿರುವ ಒಲೆಯ ಬಿಸಿಯಲ್ಲೇ ಅದು ರಾತ್ರಿಯಿಡೀ ಬೇಯುತ್ತಿತ್ತು ಅಂತ ನಾಕ್ಸನ್ ಅವರ ತಾಯಿ ಹೇಳುತ್ತಿದ್ದರಂತೆ. ಆ ನೆನಪೇ ಈ ಯಂತ್ರವಾಯಿತು. 1940ರಲ್ಲಿ ಪೇಟೆಂಟ್ ಸಿಕ್ಕಿತು. ಮುಂದೆ ಅದನ್ನು ನಾಕ್ಸನ್ ಬೀನರಿ ಎಂಬ ಹೆಸರಿನಲ್ಲಿ ಮಾರಿದರು. ಹೆಸರಿನಲ್ಲೇ ಬೀನ್ಸ್ ಇದೆ ನೋಡಿ. 1970ರಲ್ಲಿ ರೈವಲ್ ಕಂಪನಿ ಅದನ್ನು ಕೊಂಡು ಮರುವರ್ಷ ಕ್ರಾಕ್‌ಪಾಟ್ ಎಂದು ಬಿಟ್ಟಿತು. ಆಮೇಲೆ ಅಮೆರಿಕದ ಮನೆಮನೆಗೂ ಬಂತು. ವಿಲ್ನಿಯಸ್‌ನ ಬೇಕರಿ ಒಲೆಯೂ ನಮ್ಮ ಹಿತ್ತಲ ಒಲೆಯೂ ಮಾಡುತ್ತಿದ್ದ ಕೆಲಸ ಒಂದೇ ಅಂತ ಗೊತ್ತಾದ ದಿನ ನನಗೆ ಬಹಳ ಖುಷಿಯಾಗಿತ್ತು.

ರಾಜ್ಮಾವನ್ನು ನೇರವಾಗಿ ಹಾಕಬೇಡಿ

ಕುಕ್ಕರ್ ತಂದ ಹೊಸದರಲ್ಲಿ ನಾನು ರಾಜ್ಮಾ ನೆನೆಸಿ, ಹಾಗೇ ಒಳಗೆ ಸುರಿದು, ಲೋನಲ್ಲಿಟ್ಟು ಆಫೀಸಿಗೆ ಹೋದೆ. ಸಂಜೆ ಬಂದು ನೋಡಿದರೆ ಕಾಳು ಚೂರು ಗಟ್ಟಿ ಇತ್ತು. ಇರಲಿ ಅಂತ ಮಸಾಲೆ ಹಾಕಿ ಬಡಿಸಿದೆ. ಎರಡು ಗಂಟೆ ಕಳೆಯುವುದರೊಳಗೆ ನನಗೂ ನಮ್ಮ ಯಜಮಾನರಿಗೂ ಒಂದೇ ಸಮ ವಾಂತಿ. ಮಧ್ಯರಾತ್ರಿವರೆಗೆ ಹೊಟ್ಟೆ ಹಿಂಡಿಹೋಯಿತು. ಮಗು ಆಗಿನ್ನೂ ಹಾಲು ಕುಡಿಯುತ್ತಿದ್ದಳು, ಅವಳಿಗೆ ತಿನ್ನಿಸಿರಲಿಲ್ಲ. ಅದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಕಾರಣ ಆಮೇಲೆ ತಿಳಿಯಿತು. ಹಸಿ ರಾಜ್ಮಾದಲ್ಲಿ ಫೈಟೋಹೀಮಗ್ಲುಟಿನಿನ್ ಎಂಬ ವಿಷ ಇರುತ್ತದೆ. ಹಲವು ಕಾಳುಗಳಲ್ಲಿ ಇದು ಸ್ವಲ್ಪ ಇದ್ದರೂ ಕೆಂಪು ರಾಜ್ಮಾದಲ್ಲಿ ತುಂಬಾ ಜಾಸ್ತಿ. ಬಿಳಿ ರಾಜ್ಮಾದಲ್ಲಿ ಅದರ ಮೂರನೇ ಒಂದು ಭಾಗದಷ್ಟು. ನಾಲ್ಕೈದು ಹಸಿ ಕಾಳು ತಿಂದರೂ ಸಾಕು, ಒಂದರಿಂದ ಮೂರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ಚೆನ್ನಾಗಿ ಕುದಿಸಿದರೆ ಈ ವಿಷ ನಾಶವಾಗುತ್ತದೆ. ಆದರೆ 80 ಡಿಗ್ರಿ ಆಸುಪಾಸಿನ ಅರೆಬಿಸಿಯಲ್ಲಿ ಬೆಂದರೆ ಹಸಿ ಕಾಳಿಗಿಂತ ಐದು ಪಟ್ಟುವರೆಗೆ ಹೆಚ್ಚಬಹುದು. ಸ್ಲೋ ಕುಕ್ಕರ್ ಗಂಟೆಗಟ್ಟಲೆ ಇರುವುದೇ ಆ ಅರೆಬಿಸಿಯಲ್ಲಿ. ಕೆಲವು ಹಳೇ ಕುಕ್ಕರ್‌ಗಳು ಅಲ್ಲಿಂದ ಮೇಲೇರುವುದೇ ಇಲ್ಲ.

ಆದ್ದರಿಂದ ಕ್ರಮ ಹೀಗಿರಲಿ. ಕನಿಷ್ಠ 5 ಗಂಟೆ ನೆನೆಸಿ. ಆ ನೀರು ಚೆಲ್ಲಿ. ಹೊಸ ನೀರು ಹಾಕಿ ಸ್ಟೌ ಮೇಲೆ ಕೊತಕೊತ ಕುದಿಸಿ. ನೀರು ಪೂರ್ತಿ ಕುದಿಯಲು ಶುರುವಾದ ಮೇಲೆ ಲೆಕ್ಕ ಇಡಿ. 100 ಡಿಗ್ರಿಯಲ್ಲಿ 10 ನಿಮಿಷಕ್ಕೇ ವಿಷ ಹೋಗುತ್ತದೆ. ಆದರೂ ಎಲ್ಲ ಕಾಳಿಗೂ ಒಳಗಿನವರೆಗೆ ಬಿಸಿ ತಾಗಲಿ ಅಂತ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಎಫ್‌ಡಿಎ 30 ನಿಮಿಷ ಕುದಿಸಲು ಹೇಳುತ್ತದೆ. ನಾನು 30 ನಿಮಿಷವೇ ಕುದಿಸುತ್ತೇನೆ. ಬೆಂಗಳೂರಿನಂತಹ ಎತ್ತರದ ಊರಿನಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ, ಅಮೆರಿಕದ ಡೆನ್ವರ್‌ನಲ್ಲಿ ಇನ್ನೂ ಕಮ್ಮಿ. ಅಲ್ಲಿರುವವರಂತೂ 30 ನಿಮಿಷಕ್ಕಿಂತ ಇಳಿಸಲೇಬೇಡಿ. ಗ್ಯಾಸ್ ಉಳಿಸಬೇಕೆಂದರೆ ಪ್ರೆಶರ್ ಕುಕ್ಕರ್‌ನಲ್ಲಿ ಎರಡು ವಿಷಲ್ ಹಾಕಿಸಿ ಉರಿ ಸಣ್ಣ ಮಾಡಿ 5 ನಿಮಿಷ ಬಿಡಿ. ಅಲ್ಲಿನ ಬಿಸಿ 100 ಡಿಗ್ರಿ ದಾಟುತ್ತದೆ.

ಒಣ ಅವರೆಕಾಳು ಮತ್ತು ಡಬಲ್ ಬೀನ್ಸ್‌ಗೂ ಸ್ಟೌ ಮೇಲೆ ಒಂದು ಕುದಿ ಬೇಕು. ಇವುಗಳಲ್ಲಿರುವುದು ಬೇರೆ ಬಗೆಯ ವಿಷ, ಸಯನೈಡ್ ಬಿಡುವಂಥದ್ದು. ಮುಚ್ಚಳ ತೆಗೆದೇ 15 ನಿಮಿಷ ಕುದಿಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ. ಕಡಲೆ, ಹುರುಳಿ, ಅಲಸಂದೆ, ಹೆಸರುಕಾಳಿಗೆ ನಾನು ಕುದಿಸುವುದಿಲ್ಲ, ನೇರವಾಗಿ ಹೈನಲ್ಲಿ ಶುರು ಮಾಡುತ್ತೇನೆ.

ಕಾಳು ಆರಿಸುವುದು, ನೆನೆಸುವುದು

ಕಾಳು ಹೊಸದಿರಬೇಕು. ಎರಡು ವರ್ಷ ಡಬ್ಬಿಯಲ್ಲಿ ಕೂತ ಕಾಳನ್ನು ಹತ್ತು ಗಂಟೆ ಬೇಯಿಸಿದರೂ ಮೆತ್ತಗಾಗುವುದಿಲ್ಲ. ಬಿಸಿಲು, ತೇವ ಎರಡೂ ಇರುವ ಕಡೆ ಇಟ್ಟರೆ ಇನ್ನೂ ಬೇಗ ಹಾಳಾಗುತ್ತದೆ. ಇಂಡಿಯನ್ ಅಂಗಡಿಯಲ್ಲಿ ಕೊಳ್ಳುವಾಗ ಪ್ಯಾಕ್ ಮಾಡಿದ ತಿಂಗಳು ನೋಡಿ. ಜನ ಜಾಸ್ತಿ ಹೋಗುವ ಅಂಗಡಿಯಲ್ಲಿ ಮಾಲು ಬೇಗ ಖಾಲಿಯಾಗುತ್ತದೆ, ಅಲ್ಲೇ ತನ್ನಿ. ಹಳೇ ಕಾಳಿಗೆ ಹೊಸದನ್ನು ಬೆರೆಸಬೇಡಿ. ಒಂದು ಕರಗಿ ಹೋಗುತ್ತದೆ, ಇನ್ನೊಂದು ಕಲ್ಲಿನ ಹಾಗೇ ಉಳಿಯುತ್ತದೆ.

ತಟ್ಟೆಗೆ ಸುರಿದು ಕಲ್ಲು ಆರಿಸಿ. ಹುರುಳಿಯಲ್ಲಂತೂ ಕಲ್ಲು ಇದ್ದೇ ಇರುತ್ತದೆ, ಬಣ್ಣವೂ ಕಾಳಿನದೇ. ನಾನು ಒಂದು ಹಿಡಿ ಕಾಳನ್ನು ಬಿಳಿ ತಟ್ಟೆಯ ಮೇಲೆ ಹರಡಿ, ಬೆರಳಿನಿಂದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸುತ್ತಾ ಹೋಗುತ್ತೇನೆ. ಉರುಳದೆ ಬೆರಳಿಗೆ ಸಿಕ್ಕಿಕೊಳ್ಳುವುದು ಸಾಮಾನ್ಯವಾಗಿ ಕಲ್ಲೇ. ಆಮೇಲೆ ತೊಳೆಯುವಾಗ ತೇಲುವ ಕಾಳನ್ನು ತೆಗೆದು ಬಿಸಾಡಿ. ಅವು ಹುಳ ತಿಂದವು.

ಎರಡು ಕಪ್ ಕಾಳಿಗೆ, ಅಂದರೆ ಸುಮಾರು 400 ಗ್ರಾಮಿಗೆ, ಎರಡು ಲೀಟರ್ ನೀರು ಹಾಕಿ ನೆನೆಸಿ. ಆ ನೀರಿಗೆ ನಾಲ್ಕು ಟೀ ಚಮಚ ಉಪ್ಪು ಹಾಕಿ. "ಉಪ್ಪು ಹಾಕಿದರೆ ಕಾಳು ಬೇಯಲ್ಲ ಕಣೇ" ಅಂತ ನಮ್ಮಮ್ಮ ಫೋನಿನಲ್ಲೇ ಬೈದಿದ್ದರು. ನಾನು ಒಂದೇ ಪ್ಯಾಕೆಟ್ಟಿನ ಕಡಲೆಯನ್ನು ಎರಡು ಪಾತ್ರೆಯಲ್ಲಿ ನೆನೆಸಿ ನೋಡಿದೆ, ಒಂದಕ್ಕೆ ಉಪ್ಪು, ಒಂದಕ್ಕೆ ಇಲ್ಲ. ಉಪ್ಪು ಹಾಕಿದ್ದೇ ಬೇಗ ಮೆತ್ತಗಾಯಿತು, ಸಿಪ್ಪೆಯೂ ಒಡೆಯಲಿಲ್ಲ. ಕಾಳಿನ ಸಿಪ್ಪೆಯನ್ನು ಗಟ್ಟಿ ಹಿಡಿದಿರುವುದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಉಪ್ಪಿನ ಸೋಡಿಯಂ ಅವುಗಳ ಜಾಗಕ್ಕೆ ಹೋಗಿ ಕೂರುತ್ತದೆ. ಆಗ ಸಿಪ್ಪೆ ಸಡಿಲವಾಗಿ ನೀರು ಒಳಗೆ ಸಮನಾಗಿ ಇಳಿಯುತ್ತದೆ. ಅಮ್ಮನೂ ಈಗ ಉಪ್ಪು ಹಾಕಿಯೇ ನೆನೆಸುತ್ತಾರೆ.

ರಾತ್ರಿ 9ಕ್ಕೆ ನೆನೆಹಾಕಿದರೆ ಬೆಳಗ್ಗೆ 7ಕ್ಕೆ ಸರಿಯಾಗಿರುತ್ತದೆ. ನಮ್ಮೂರಿನ ಏಪ್ರಿಲ್, ಮೇ ಸೆಕೆಯಲ್ಲಿ ನೀರು ನೊರೆ ಬಂದು ಹುಳಿಯಾಗಿಬಿಡುತ್ತದೆ. ಆಗ ಫ್ರಿಜ್‌ನಲ್ಲಿಟ್ಟು ನೆನೆಸಿ. ನೆನೆದಿದೆಯಾ ಅಂತ ತಿಳಿಯಲು ಒಂದು ಕಾಳನ್ನು ಉಗುರಿನಿಂದ ಸೀಳಿ ನೋಡಿ. ಒಳಗೆಲ್ಲ ಒಂದೇ ಬಣ್ಣ ಇರಬೇಕು. ನಡುವೆ ಸುಣ್ಣದಂಥ ಬಿಳಿ ಚುಕ್ಕೆ ಕಂಡರೆ ಇನ್ನೆರಡು ಗಂಟೆ ಬಿಡಿ. ನೆನೆಸಿದ ನೀರು ಚೆಲ್ಲಿದರೆ ಹೊಟ್ಟೆ ಉಬ್ಬರವೂ ಕಮ್ಮಿಯಾಗುತ್ತದೆ. ಗಾಳಿ ಮಾಡುವ ಸಕ್ಕರೆಗಳಲ್ಲಿ ಸ್ವಲ್ಪ ಭಾಗ ಆ ನೀರಿಗೆ ಇಳಿದಿರುತ್ತದೆ.

ಪಾತ್ರೆಗೆ ಹಾಕುವುದು

ಕಾಳು ಹಾಕಿ, ಮೇಲೆ ಎರಡು ಬೆರಳು ನಿಲ್ಲುವಷ್ಟು ನೀರು ಹಾಕಿ. ಎರಡು ಕಪ್ ಒಣ ಕಾಳಿಗೆ ಸುಮಾರು ಐದು ಕಪ್ ಹಿಡಿಯುತ್ತದೆ. ಇದರಲ್ಲಿ ನೀರು ಆರುವುದು ತೀರಾ ಕಮ್ಮಿ, ಸ್ಟೌ ಮೇಲಿನ ಲೆಕ್ಕ ಇಲ್ಲಿ ನಡೆಯಲ್ಲ. ಹಾಕುವ ನೀರು ಬಿಸಿಯಾಗಿರಲಿ, ಬೇಯಲು ಒಂದು ಗಂಟೆ ಉಳಿಯುತ್ತದೆ. ಆದರೆ ಫ್ರಿಜ್‌ನಿಂದ ತೆಗೆದ ತಣ್ಣನೆ ಪಿಂಗಾಣಿಗೆ ಕುದಿಯುವ ನೀರು ಸುರಿಯಬೇಡಿ, ಬಿರುಕು ಬಿಡುತ್ತದೆ. ಪಾತ್ರೆ ಅರ್ಧಕ್ಕಿಂತ ಕಮ್ಮಿ ಆಗಬಾರದು, ಮುಕ್ಕಾಲು ದಾಟಬಾರದು.

ಜೊತೆಗೆ ಒಂದು ಈರುಳ್ಳಿ ಹೋಳು, ನಾಲ್ಕು ಎಸಳು ಬೆಳ್ಳುಳ್ಳಿ, ಚಿಟಿಕೆ ಇಂಗು, ಒಂದು ಚಮಚ ಎಣ್ಣೆ ಹಾಕಿ. ಉಪ್ಪನ್ನು ಅರ್ಧ ಈಗಲೇ ಹಾಕಬಹುದು.

ಹುಣಸೆಹಣ್ಣು, ಟೊಮ್ಯಾಟೊ, ನಿಂಬೆ, ಮೊಸರು, ಬೆಲ್ಲ ಮಾತ್ರ ಬೇಡ. ಕಾಳು ಪೂರ್ತಿ ಮೆತ್ತಗಾಗುವವರೆಗೂ ಬೇಡ. ಹುಳಿ ಬಿದ್ದರೆ ಸಿಪ್ಪೆ ಕರಗುವುದು ನಿಂತೇಹೋಗುತ್ತದೆ, ಬೆಲ್ಲವೂ ಅದೇ ಕೆಲಸ ಮಾಡುತ್ತದೆ. ಎಲ್ಲವನ್ನೂ ಒಟ್ಟಿಗೆ ಸುರಿದು ಗುಂಡಿ ಒತ್ತಿ ಅಂತ ಹೇಳುವ ಅಡುಗೆ ವಿಧಾನಗಳು ಎಲ್ಲೆಲ್ಲೂ ಸಿಗುತ್ತವೆ. ಟೊಮ್ಯಾಟೊ ಇರುವ ಅಂಥ ವಿಧಾನದಲ್ಲಿ ಒಣ ಕಾಳು ಸರಿಯಾಗಿ ಬೆಂದದ್ದನ್ನು ನಾನಂತೂ ನೋಡಿಲ್ಲ.

ಬೋರ್‌ವೆಲ್ ನೀರಾದರೆ ಅದರಲ್ಲಿರುವ ಕ್ಯಾಲ್ಸಿಯಂ ಕಾಳನ್ನು ಗಟ್ಟಿ ಮಾಡುತ್ತದೆ. ಫಿಲ್ಟರ್ ನೀರು ಬಳಸಿ. ಅದಿಲ್ಲದಿದ್ದರೆ ಎರಡು ಕಪ್ ಕಾಳಿಗೆ ಕಾಲು ಟೀ ಚಮಚದಷ್ಟು ಅಡುಗೆ ಸೋಡಾ. ಅದಕ್ಕಿಂತ ಹೆಚ್ಚಾದರೆ ಸೋಪಿನ ರುಚಿ ಬರುತ್ತದೆ.

ಎಷ್ಟು ಹೊತ್ತು

ಇದು ನನ್ನ ನಾಲ್ಕು ಲೀಟರ್ ಕುಕ್ಕರ್‌ನ ಲೆಕ್ಕ, ನೆನೆಸಿದ ಕಾಳಿಗೆ. ಕುದಿಸಿದ ರಾಜ್ಮಾ ಹೈನಲ್ಲಿ 3ರಿಂದ 4 ಗಂಟೆ, ಲೋನಲ್ಲಿ 6ರಿಂದ 8. ಕಾಬೂಲಿ ಕಡಲೆಗೂ ಅಷ್ಟೇ. ನಮ್ಮ ಕಪ್ಪು ಕಡಲೆಕಾಳು ಹೈನಲ್ಲೇ 5 ಗಂಟೆ ಕೇಳುತ್ತದೆ. ಅಲಸಂದೆ ಹೈನಲ್ಲಿ ಎರಡೂವರೆ ಗಂಟೆಗೇ ಬೆಂದುಬಿಡುತ್ತದೆ, ಅದನ್ನಿಟ್ಟು ಆಫೀಸಿಗೆ ಹೋದರೆ ಮುದ್ದೆಯಾಗಿರುತ್ತದೆ. ಹೆಸರುಕಾಳಿಗೆ ಈ ಪಾತ್ರೆಯೇ ಬೇಡ ಅಂತ ನನ್ನ ಅಭಿಪ್ರಾಯ, ಸ್ಟೌ ಮೇಲೆ ಅರ್ಧ ಗಂಟೆಯ ಕೆಲಸ. ಒಣ ಅವರೆ ಹೈನಲ್ಲಿ 3 ಗಂಟೆ. ಹುರುಳಿಗೆ ಲೋನಲ್ಲಿ 10 ಗಂಟೆ. ಅದರ ವಿಚಾರ ಮುಂದೆ ಇದೆ.

ಮೊದಲ ಸಲ ಮನೆಯಲ್ಲಿರುವ ದಿನವೇ ಮಾಡಿ. ನಿಮ್ಮ ಕುಕ್ಕರ್‌ನ ಸ್ವಭಾವ ಗೊತ್ತಾಗುತ್ತದೆ. ಇನ್‌ಸ್ಟಂಟ್ ಪಾಟ್ ಎಂಬ ಕರೆಂಟಿನ ಪ್ರೆಶರ್ ಕುಕ್ಕರ್‌ನಲ್ಲೂ ಸ್ಲೋ ಕುಕ್ ಅಂತ ಗುಂಡಿ ಇದೆ. ಅದರಲ್ಲಿ ಬಿಸಿ ತಳದಿಂದ ಮಾತ್ರ ಬರುವುದರಿಂದ ಹೊತ್ತು ಜಾಸ್ತಿ ಹಿಡಿಯುತ್ತದೆ.

ಮುಚ್ಚಳವನ್ನು ಪದೇ ಪದೇ ತೆಗೆಯಬೇಡಿ. ಒಂದು ಸಲ ತೆಗೆದರೆ ಹೋದ ಬಿಸಿ ಮರಳಿ ಬರಲು 15ರಿಂದ 20 ನಿಮಿಷ ಬೇಕು. ಕಾಳನ್ನು ಕೆದಕುವ ಅಗತ್ಯವೂ ಇಲ್ಲ, ತಳ ಹಿಡಿಯುವುದಿಲ್ಲ.

ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಹಿಸುಕಿದರೆ ಸಾಕು. ಕಾಳಿಗೆ ಆ ಲೆಕ್ಕ ಆಗುವುದಿಲ್ಲ. ಬೇರೆ ಬೇರೆ ಕಡೆಯಿಂದ ಐದು ಕಾಳು ತೆಗೆಯಿರಿ, ಮೇಲಿನಿಂದ ಎರಡು, ತಳದಿಂದ ಮೂರು. ಒಂದೊಂದನ್ನೂ ನಾಲಗೆಯಿಂದ ಅಂಗುಳಿಗೆ ಒತ್ತಿ. ಹಲ್ಲು ತಾಗಿಸದೆ ಐದೂ ಬೆಣ್ಣೆಯ ಹಾಗೆ ಜಾರಬೇಕು. ಒಂದು ಗಟ್ಟಿ ಇದ್ದರೂ ಇನ್ನರ್ಧ ಗಂಟೆ ಬಿಡಿ. ರಾಜ್ಮಾ ಮಾತ್ರ ಸ್ಟೌ ಮೇಲೆ ಕುದಿಸದೆ ಹೀಗೆ ರುಚಿ ನೋಡಲೇಬೇಡಿ.

ಹುರುಳಿ ಕಟ್ಟು

ಇದಕ್ಕಾಗಿಯೇ ನಾನು ಈ ಕುಕ್ಕರ್ ಇಟ್ಟುಕೊಂಡಿರುವುದು. ಹುರುಳಿಯ ಸಿಪ್ಪೆ ದಪ್ಪ, ಕಾಳು ಚಿಕ್ಕದು, ಹಟವೂ ಜಾಸ್ತಿ. ಪ್ರೆಶರ್ ಕುಕ್ಕರ್‌ನಲ್ಲಿ ಬೇಯುತ್ತದೆ ನಿಜ. ಆದರೆ ಸಾರ ನೀರಿಗಿಳಿಯಲು ಹೊತ್ತು ಸಿಗುವುದಿಲ್ಲ.

ಎರಡು ಕಪ್ ಹುರುಳಿ ತೊಳೆದು ಬೆಳಗ್ಗೆ ನೆನೆಹಾಕಿ. ರಾತ್ರಿ 8ಕ್ಕೆ ನೀರು ಬಸಿದು ಕುಕ್ಕರ್‌ಗೆ ಹಾಕಿ. ಇದಕ್ಕೆ ಮಾತ್ರ ನೀರು ಜಾಸ್ತಿ ಬೇಕು, ಎಂಟು ಕಪ್. ಉಪ್ಪು, ಎಣ್ಣೆ, ಈರುಳ್ಳಿ ಏನೂ ಬೇಡ. ಮೊದಲ ಒಂದು ಗಂಟೆ ಹೈ, ಆಮೇಲೆ ಲೋಗೆ ತಿರುಗಿಸಿ ಮಲಗಿ. ಬೆಳಗಿನ ಜಾವ ಅಡುಗೆಮನೆಯಲ್ಲಿ ಮಣ್ಣಿಗೆ ಮಳೆ ಬಿದ್ದಾಗಿನಂಥ ವಾಸನೆ ತುಂಬಿರುತ್ತದೆ. ಮುಚ್ಚಳ ತೆಗೆದರೆ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿರುತ್ತದೆ. ಸೌಟಿನಲ್ಲಿ ಎತ್ತಿ ಸುರಿದರೆ ನೀರಿನ ಹಾಗೆ ಚಿಮ್ಮುವುದಿಲ್ಲ, ಸ್ವಲ್ಪ ಎಳೆಯಾಗಿ ಇಳಿಯುತ್ತದೆ. ಅದೇ ಹದ. ಜಾಲರಿಯಲ್ಲಿ ಬಸಿದುಕೊಳ್ಳಿ. ಐದಾರು ಕಪ್ ಕಟ್ಟು ಸಿಗುತ್ತದೆ.

ಮಸಾಲೆಗೆ: ಒಂದು ಚಮಚ ಎಣ್ಣೆಯಲ್ಲಿ ಎರಡು ಚಮಚ ಧನಿಯಾ, ಒಂದು ಟೀ ಚಮಚ ಜೀರಿಗೆ, ಅರ್ಧ ಟೀ ಚಮಚ ಕಾಳುಮೆಣಸು, ಆರು ಬ್ಯಾಡಗಿ ಮೆಣಸಿನಕಾಯಿ ಹುರಿಯಿರಿ. ಅದೇ ಬಾಣಲೆಯಲ್ಲಿ ಒಂದು ಈರುಳ್ಳಿ, ಎಂಟು ಎಸಳು ಬೆಳ್ಳುಳ್ಳಿ ಕೆಂಪಗೆ ಬಾಡಿಸಿ. ಇದಕ್ಕೆ ಕಾಲು ಕಪ್ ಕಾಯಿತುರಿ, ಒಂದು ಹಿಡಿ ಬೆಂದ ಹುರುಳಿ ಸೇರಿಸಿ ನುಣ್ಣಗೆ ರುಬ್ಬಿ. ಆ ಒಂದು ಹಿಡಿ ಕಾಳನ್ನು ಮರೆಯಬೇಡಿ, ಸಾರಿಗೆ ಮೈ ಕೊಡುವುದೇ ಅದು. ರುಬ್ಬಿದ್ದನ್ನು ಕಟ್ಟಿಗೆ ಕಲಸಿ, ನಿಂಬೆ ಗಾತ್ರದ ಹುಣಸೆಹಣ್ಣಿನ ರಸ, ಉಪ್ಪು, ಚೂರು ಬೆಲ್ಲ ಹಾಕಿ ಸ್ಟೌ ಮೇಲೆ ಸಣ್ಣ ಉರಿಯಲ್ಲಿ 15 ನಿಮಿಷ ಕುದಿಸಿ. ತುಪ್ಪದಲ್ಲಿ ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಇಂಗಿನ ಒಗ್ಗರಣೆ. ಬಿಸಿ ರಾಗಿ ಮುದ್ದೆಗೆ ಹಾಕಿಕೊಳ್ಳಿ. ಮರುದಿನ ಇನ್ನೂ ರುಚಿ.

ಉಳಿದ ಕಾಳಿಗೆ ಈರುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಸಾರ ಬಿಟ್ಟ ಕಾಳು ಸ್ವಲ್ಪ ಸಪ್ಪೆ ಇರುತ್ತದೆ, ಉಪ್ಪು, ನಿಂಬೆ ಮುಂದಾಗಿ ಹಾಕಿ.

ಕರೆಂಟ್ ವಿಚಾರ

ಅಮೆರಿಕದಲ್ಲಿ ಕೊಂಡ ಕುಕ್ಕರ್ 120 ವೋಲ್ಟ್‌ನದು. ಊರಿಗೆ ತಂದು, ಬರೀ ಪಿನ್ ಬದಲಿಸುವ ಅಡಾಪ್ಟರ್ ಹಾಕಿ ನಮ್ಮ 230 ವೋಲ್ಟ್‌ಗೆ ಚುಚ್ಚಿದರೆ ಸುಟ್ಟುಹೋಗುತ್ತದೆ. ಅಪ್ಪ ಅಮ್ಮನಿಗೆ ಕೊಡಬೇಕೆಂದರೆ ಅಲ್ಲೇ 230 ವೋಲ್ಟ್‌ನದನ್ನು ಕೊಡಿಸಿ. ಮಧ್ಯಮ ಗಾತ್ರದ್ದು ಸುಮಾರು 200 ವ್ಯಾಟ್. ಎಂಟು ಗಂಟೆಗೆ ಒಂದೂವರೆ ಯೂನಿಟ್ ಆಸುಪಾಸು.

ನೀವು ಎದುರಿಗೇ ಇದ್ದಾಗ ಕರೆಂಟ್ ಹೋದರೆ ಕಾಳನ್ನು ತಕ್ಷಣ ಗ್ಯಾಸ್ ಮೇಲೆ ಇಟ್ಟು ಬೇಯಿಸಿ ಮುಗಿಸಿ. ಆದರೆ ಮನೆಯಲ್ಲಿ ಯಾರೂ ಇಲ್ಲದಾಗ ಹೋಗಿ, ಎಷ್ಟು ಹೊತ್ತು ಹೋಗಿತ್ತು ಅಂತ ಗೊತ್ತಿಲ್ಲದಿದ್ದರೆ ಪೂರ್ತಿ ಚೆಲ್ಲಿಬಿಡಿ. ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೂ ಉಗುರುಬೆಚ್ಚಗೆ ಕೂತ ಕಾಳಿನಲ್ಲಿ ಬೆಳೆಯುವ ಕೆಲವು ಬ್ಯಾಕ್ಟೀರಿಯಾಗಳ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಪದೇ ಪದೇ ಕರೆಂಟ್ ಹೋಗುವ ಊರಿನಲ್ಲಿದ್ದರೆ ಹಗಲಲ್ಲೇ, ಮನೆಯಲ್ಲಿರುವಾಗಲೇ ಬೇಯಿಸಿ.

ಉಳಿದದ್ದನ್ನು ಇಡುವುದು

ಬೆಂದ ಕಾಳನ್ನು ಪಿಂಗಾಣಿ ಪಾತ್ರೆ ಸಮೇತ ಫ್ರಿಜ್‌ಗೆ ಇಡಬೇಡಿ. ದಪ್ಪ ಪಾತ್ರೆ, ಆರಲು ಗಂಟೆಗಟ್ಟಲೆ ಬೇಕು, ಅಷ್ಟರಲ್ಲಿ ಒಳಗಿನದು ಹಳಸಲು ಶುರುವಾಗಿರುತ್ತದೆ. ಅಗಲವಾದ, ಆಳ ಕಮ್ಮಿ ಇರುವ ಡಬ್ಬಿಗಳಿಗೆ ಹಂಚಿ ಎರಡು ಗಂಟೆಯೊಳಗೆ ಫ್ರಿಜ್ ಸೇರಿಸಿ. ಮೂರು ನಾಲ್ಕು ದಿನ ಇರುತ್ತದೆ.

ಫ್ರೀಜರ್‌ಗಾದರೆ ಕಾಳನ್ನು ಬೆಂದ ನೀರಿನ ಜೊತೆಗೇ ಹಾಕಿ. ಒಣಗಿಸಿ ಇಟ್ಟರೆ ಸಿಪ್ಪೆ ಬಿರಿದು ಪುಡಿಪುಡಿಯಾಗುತ್ತದೆ. ನಾನು ಒಂದೂವರೆ ಕಪ್‌ನಂತೆ ಜಿಪ್ ಚೀಲಕ್ಕೆ ತುಂಬಿ, ತಟ್ಟೆಯ ಮೇಲೆ ಚಪ್ಪಟೆಯಾಗಿ ಮಲಗಿಸಿ ಹೆಪ್ಪುಗಟ್ಟಿಸುತ್ತೇನೆ. ಆಮೇಲೆ ಪುಸ್ತಕದ ಹಾಗೆ ನಿಲ್ಲಿಸಿಡಬಹುದು. ಒಂದು ಚೀಲ ಅಂದರೆ ನಮ್ಮ ಮೂವರಿಗೆ ಒಂದು ಹೊತ್ತಿನ ಹುಳಿಗೆ ಸರಿ. ಹುರುಳಿ ಕಟ್ಟನ್ನೂ ಹಾಗೇ ಇಡುತ್ತೇನೆ, ಮಸಾಲೆ ಸೇರಿಸದೆ. ಚೀಲದ ಮೇಲೆ ಕಾಳಿನ ಹೆಸರು, ತಾರೀಖು ಎರಡನ್ನೂ ಬರೆಯಿರಿ. ಹೆಪ್ಪುಗಟ್ಟಿದ ಮೇಲೆ ಕಡಲೆ ನೀರು ಯಾವುದು, ಹುರುಳಿ ಕಟ್ಟು ಯಾವುದು ಅಂತ ಗೊತ್ತಾಗುವುದಿಲ್ಲ. ಮೂರು ತಿಂಗಳೊಳಗೆ ಬಳಸಿ ಮುಗಿಸಿ.